ಚಿಕ್ಕ ಡೀಸೆಲ್ ಪಿಕಪ್ ಉಪ್ಪುನೆಲದ ವೇಗದ ಓಟದಲ್ಲಿ ಯಾವ ವರ್ಗಕ್ಕೆ ಸೇರುತ್ತದೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ಈಗ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದೇನೆ. ನನ್ನ ಬಳಿ 1982ರ ಷೆವ್ರೊಲೆ ಲವ್ ಪಿಕಪ್ ಇದೆ. ಅದರಲ್ಲಿರುವುದು ಕಂಪನಿಯೇ ಕೂರಿಸಿದ 2.2 ಲೀಟರಿನ ಇಸುಝು ಡೀಸೆಲ್ ಎಂಜಿನ್, ಟರ್ಬೊ (ಎಂಜಿನ್ನಿಗೆ ಹೆಚ್ಚುವರಿ ಗಾಳಿ ತುಂಬುವ ಯಂತ್ರ) ಇಲ್ಲ. ಯೂಟಾ ರಾಜ್ಯದ ಬಾನ್ನೆವಿಲ್ ಉಪ್ಪುನೆಲದಲ್ಲಿ ಅದನ್ನು ಓಡಿಸಿ, ಸಾಧ್ಯವಾದರೆ ಒಂದು ದಾಖಲೆಗೆ ಪ್ರಯತ್ನಿಸಬೇಕೆಂಬುದು ನನ್ನ ಮತ್ತು ಮಗಳ ಆಸೆ. ಡೀಸೆಲ್ ಟ್ರಕ್ ವರ್ಗ ದೊಡ್ಡ ಲಾರಿಗಳಿಗೆ ಮಾತ್ರ, ನಿಮ್ಮದಕ್ಕೆ ಜಾಗವಿಲ್ಲ ಎಂದು ಒಬ್ಬರು ಹೇಳುತ್ತಾರೆ. ಡೀಸೆಲ್ಲಿಗೆ ಪ್ರತಿಸ್ಪರ್ಧಿಗಳೇ ಇಲ್ಲ, ಓಡಿಸಿದರೆ ಸಾಕು ದಾಖಲೆ ನಿಮ್ಮದು ಎಂದು ಇನ್ನೊಬ್ಬರು ಹೇಳುತ್ತಾರೆ. ಟರ್ಬೊ ಹಾಕಿದರೆ ಅನರ್ಹರಾಗುತ್ತೀರಿ ಎಂಬುದು ಮೂರನೆಯವರ ಮಾತು. ಊರಿನಲ್ಲಿ ಅಣ್ಣನ ಹಳೆಯ ಅಂಬಾಸಡರ್ ಕಾರಿನ 2 ಲೀಟರ್ ಡೀಸೆಲ್ ಎಂಜಿನ್ ಸುಮ್ಮನೆ ಬಿದ್ದಿದೆ. ಅದೂ ಇಸುಝು ಮೂಲದ್ದೇ. ಅದನ್ನು ಈ ಪಿಕಪ್ಪಿಗೆ ಕೂರಿಸಿದರೆ ವರ್ಗ ಬದಲಾಗುತ್ತದೆಯೇ? ಹಣ ಸುರಿಯುವ ಮೊದಲು ತಿಳಿಯಬೇಕಿದೆ.

ಉತ್ತರ: ಬಿಡಿಭಾಗ ಕೊಳ್ಳುವ ಮೊದಲೇ ಈ ಪ್ರಶ್ನೆ ಕೇಳಿದಿರಿ ಎಂಬುದೇ ಸಂತೋಷದ ವಿಷಯ. ತಾಂತ್ರಿಕ ತಪಾಸಣೆಯ ಸಾಲಿನಲ್ಲಿ ನಾನು ಕಂಡ ನಿರಾಶೆಗಳಲ್ಲಿ ಹೆಚ್ಚಿನವು ಎಂಜಿನ್ ಸಿಡಿದದ್ದರಿಂದ ಆದವಲ್ಲ. ಎರಡು ವರ್ಷ ಕಟ್ಟಿದ ವಾಹನ, ಕಟ್ಟಿದವರು ಮನಸ್ಸಿನಲ್ಲಿಟ್ಟುಕೊಂಡಿದ್ದ ವರ್ಗಕ್ಕೆ ಸೇರುವುದೇ ಇಲ್ಲವೆಂದು ಉಪ್ಪಿನ ಮೇಲೆ ನಿಂತು ತಿಳಿದದ್ದರಿಂದ ಆದವು. ನಿಮ್ಮ ಆತಂಕವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ವಾಹನ ಚಿಕ್ಕದು, ಇಂಧನ ಡೀಸೆಲ್, ಎಂಜಿನ್ನಿನ ಆಯ್ಕೆ ಇನ್ನೂ ತೀರ್ಮಾನವಾಗಿಲ್ಲ, ಈ ಮೂರರಲ್ಲಿ ಯಾವುದು ವರ್ಗವನ್ನು ನಿರ್ಧರಿಸುತ್ತದೆ ಎಂಬುದು ಸ್ಪಷ್ಟವಿಲ್ಲ.

ಮೂರರಲ್ಲಿ ಯಾವುದೂ ಒಂಟಿಯಾಗಿ ನಿರ್ಧರಿಸುವುದಿಲ್ಲ. ಬಾನ್ನೆವಿಲ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ಸ್ಪೀಡ್ ವೀಕ್ ಅನ್ನು ನಡೆಸುವುದು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್, ಎಂದರೆ 1937ರಲ್ಲಿ ಹುಟ್ಟಿ, 1949ರಿಂದ ಬಾನ್ನೆವಿಲ್‌ಗೆ ಬರುತ್ತಿರುವ ಎಸ್‌ಸಿಟಿಎ. ಅದರ ನಿಯಮಪುಸ್ತಕದಲ್ಲಿ ಪ್ರತಿ ವಾಹನದ ಗುರುತು ಎರಡು ತುಂಡುಗಳಿಂದ ಕೂಡಿರುತ್ತದೆ. ಮೊದಲಿನದು ಎಂಜಿನ್ನಿನ ಗಾತ್ರವನ್ನು ಸೂಚಿಸುವ ಅಕ್ಷರ, ಅದನ್ನು ಇಲ್ಲಿ ದರ್ಜೆ ಎನ್ನುತ್ತೇನೆ. ಎರಡನೆಯದು ದೇಹದ ಬಗೆ, ಮಾರ್ಪಾಡಿನ ಪ್ರಮಾಣ, ಗಾಳಿ ತುಂಬುವ ಯಂತ್ರ ಇದೆಯೋ ಇಲ್ಲವೋ, ಇಂಧನ ಯಾವುದು ಎಂಬುದನ್ನೆಲ್ಲ ಒಟ್ಟಿಗೆ ಹೇಳುವ ಸಂಕೇತ, ಅದೇ ವರ್ಗ. ಡೀಸೆಲ್ ಎಂಬುದು ಈ ಎರಡನೆಯ ತುಂಡಿನ ಒಂದು ಅಂಶ ಮಾತ್ರ.

ಡೀಸೆಲ್ ಟ್ರಕ್ ವರ್ಗ ದೊಡ್ಡ ಲಾರಿಗಳಿಗೆ ಎಂಬ ಮಾತು ಎಲ್ಲಿಂದ ಬಂತು ಎಂಬುದನ್ನು ಊಹಿಸುವುದು ಕಷ್ಟವಲ್ಲ. 1970ರ ದಶಕದಲ್ಲಿ ಟೈರೋನ್ ಮಲೋನ್ ಅಂಥವರು ಹೆದ್ದಾರಿಯ ಭಾರೀ ಟ್ರಾಕ್ಟರ್ ಲಾರಿಗಳನ್ನೇ ಬಾನ್ನೆವಿಲ್‌ಗೆ ತಂದು ಓಡಿಸಿದರು. ಉಪ್ಪಿನ ಮೇಲೆ ಡೀಸೆಲ್ ಟ್ರಕ್ ಎಂದರೆ ಜನರ ಕಣ್ಣಮುಂದೆ ಬರುವ ಚಿತ್ರ ಇಂದಿಗೂ ಅದೇ. ಆದರೆ 2002ರಲ್ಲಿ ಗೇಲ್ ಬ್ಯಾಂಕ್ಸ್ ಅವರ ತಂಡ ಮಧ್ಯಮ ಗಾತ್ರದ ಡಾಡ್ಜ್ ಡಕೋಟಾ ಪಿಕಪ್ಪಿಗೆ 5.9 ಲೀಟರಿನ ಕಮಿನ್ಸ್ ಟರ್ಬೊ ಡೀಸೆಲ್ ಕೂರಿಸಿ, ಗಂಟೆಗೆ 217 ಮೈಲಿ ಸರಾಸರಿಯ, ಎಂದರೆ ಸುಮಾರು 350 ಕಿ.ಮೀ.ಯ ದಾಖಲೆ ಮಾಡಿತು. ಒಂದು ಓಟದಲ್ಲಿ 222 ಮೈಲಿಯನ್ನೂ ಮುಟ್ಟಿತು. ಆ ವಾಹನ ತನ್ನ ಸಾಮಾನಿನ ಟ್ರೇಲರನ್ನು ತಾನೇ ಎಳೆದುಕೊಂಡು ರಸ್ತೆಯ ಮೇಲೆ ಬಾನ್ನೆವಿಲ್ ತಲುಪಿತ್ತು ಎಂಬುದು ನನಗೆ ಇವತ್ತಿಗೂ ಆ ವೇಗಕ್ಕಿಂತ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಹಾಗಾಗಿ ಪಿಕಪ್ ಗಾತ್ರದ ಡೀಸೆಲ್ ವಾಹನಕ್ಕೆ ಉಪ್ಪಿನ ಮೇಲೆ ಜಾಗವಿಲ್ಲ ಎಂಬುದು ಸುಳ್ಳು. ಹಾಗೆಂದು ಹೆಸರಿನಲ್ಲಿ ಡೀಸೆಲ್ ಇದೆ, ಟ್ರಕ್ ಇದೆ ಎಂಬ ಕಾರಣಕ್ಕೇ ನಿಮ್ಮ ವಾಹನ ಆ ವರ್ಗಕ್ಕೆ ಸೇರುವುದೂ ಇಲ್ಲ. ವರ್ಗದ ಶೀರ್ಷಿಕೆಯ ಕೆಳಗಿರುವ ವ್ಯಾಖ್ಯೆಯಲ್ಲಿ ತೂಕ, ಚೌಕಟ್ಟು, ದೇಹ, ಎಂಜಿನ್ನಿನ ಮೂಲ ಇವುಗಳ ಬಗ್ಗೆ ಏನು ಬರೆದಿದೆಯೋ ಅದೇ ಕಾನೂನು. ಆ ಸಾಲುಗಳು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುತ್ತವೆ. ಆದ್ದರಿಂದ ನೀವು ಓಡಲಿರುವ ವರ್ಷದ ಪುಸ್ತಕವನ್ನೇ ಕೊಂಡು ಓದಬೇಕು, ಗೆಳೆಯರ ಬಳಿಯ ಹಳೆಯ ಪ್ರತಿಯನ್ನು ನಂಬಬಾರದು.

ನಿಮ್ಮ ಲವ್ ಪಿಕಪ್ ಪ್ರತ್ಯೇಕ ಚೌಕಟ್ಟಿನ ಮೇಲೆ ಕ್ಯಾಬಿನ್ ಮತ್ತು ತೊಟ್ಟಿ ಕೂರಿಸಿದ, ಇಸುಝು ಕಟ್ಟಿ ಷೆವ್ರೊಲೆ ಮಾರಿದ ನಿಜವಾದ ಪುಟ್ಟ ಪಿಕಪ್. ಎಸ್‌ಸಿಟಿಎ ಪುಸ್ತಕದಲ್ಲಿ ಪೂರ್ಣ ಗಾತ್ರದ ಪಿಕಪ್‌ಗಳಿಂದ ಬೇರೆಯಾಗಿ ಮಧ್ಯಮ ಮತ್ತು ಪುಟ್ಟ ಪಿಕಪ್‌ಗಳಿಗೆಂದೇ ವರ್ಗವಿದೆ, ಮತ್ತು ಅದು ಪ್ರೊಡಕ್ಷನ್ (ಕಾರ್ಖಾನೆಯಿಂದ ಬಂದಂತಿರುವ) ಹಾಗೂ ಮಾಡಿಫೈಡ್ (ಮಾರ್ಪಡಿಸಿದ) ಎಂಬ ಎರಡು ವಿಭಾಗಗಳಲ್ಲೂ ಇದೆ. ಹಾಗಾಗಿ ದೇಹದ ದೃಷ್ಟಿಯಿಂದ ನೀವು ಅನಾಥರಲ್ಲ. ಉಳಿಯುವ ಪ್ರಶ್ನೆ ಒಂದೇ: ಡೀಸೆಲ್ ಎಂಜಿನ್ ಇಟ್ಟುಕೊಂಡು ಆ ಪುಟ್ಟ ಪಿಕಪ್ ವರ್ಗದಲ್ಲಿ ಪೆಟ್ರೋಲ್ ವಾಹನಗಳ ದಾಖಲೆಗಳ ಎದುರು ಓಡುವುದೋ, ಇಲ್ಲ ಡೀಸೆಲ್ ಟ್ರಕ್ ವರ್ಗದ ವ್ಯಾಖ್ಯೆಗೆ ಹೊಂದಿಸಿಕೊಂಡು ಡೀಸೆಲ್ ದಾಖಲೆಗಳ ಎದುರು ಓಡುವುದೋ ಎಂಬುದು. ಇದಕ್ಕೆ ಲಿಖಿತ ಉತ್ತರ ಕೊಡುವ ಅಧಿಕಾರ ತಾಂತ್ರಿಕ ಸಮಿತಿಗೆ ಮಾತ್ರ ಇದೆ.

ಎಂಜಿನ್ನಿನ ಗಾತ್ರದ ವಿಷಯದಲ್ಲಿ ಮಾತ್ರ ಯಾರ ಅಭಿಪ್ರಾಯವೂ ಬೇಕಿಲ್ಲ, ಲೆಕ್ಕವೇ ಸಾಕು. ಹಣ ಉಳಿಯುವುದೂ ಪೋಲಾಗುವುದೂ ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದರ್ಜೆಗಳನ್ನು ಘನ ಅಂಗುಲದಲ್ಲಿ ಅಳೆಯುತ್ತಾರೆ; ಒಂದು ಘನ ಅಂಗುಲವೆಂದರೆ 16.387 ಸಿಸಿ. 62ರಿಂದ 92.99 ಘನ ಅಂಗುಲದವರೆಗೆ ಎಚ್, 93ರಿಂದ 122.99ರವರೆಗೆ ಜಿ, 123ರಿಂದ 183.99ರವರೆಗೆ ಎಫ್. ನಮಗೆ ಅಭ್ಯಾಸವಾದ ಮಾನದಲ್ಲಿ ಹೇಳುವುದಾದರೆ ಜಿ ದರ್ಜೆ ಸುಮಾರು 1524ರಿಂದ 2015 ಸಿಸಿಯವರೆಗೆ, ಎಫ್ ದರ್ಜೆ ಸುಮಾರು 2016ರಿಂದ 3015 ಸಿಸಿಯವರೆಗೆ ಹರಡಿಕೊಂಡಿದೆ. ಬ್ಯಾಂಕ್ಸ್ ಅವರ 5.9 ಲೀಟರ್ ಎಂಜಿನ್ ಇದೇ ಅಳತೆಯಲ್ಲಿ ಸಿ ದರ್ಜೆಯ ಗಾತ್ರದ್ದು.

ನಿಮ್ಮ ಈಗಿನ ಎಂಜಿನ್ ಇಸುಝುವಿನ ಸಿ223. ಅದರ ಬೋರ್, ಎಂದರೆ ಸಿಲಿಂಡರಿನ ಒಳವ್ಯಾಸ, 88 ಮಿ.ಮೀ., ಸ್ಟ್ರೋಕ್, ಎಂದರೆ ಪಿಸ್ಟನ್ ಚಲಿಸುವ ದೂರ, 92 ಮಿ.ಮೀ., ನಾಲ್ಕು ಸಿಲಿಂಡರ್, ಒಟ್ಟು 2238 ಸಿಸಿ, ಅಂದರೆ 136.6 ಘನ ಅಂಗುಲ. ಅದು ಎಫ್ ದರ್ಜೆಗೆ ಸೇರುತ್ತದೆ, ಆದರೆ ಅದರ ತಳಭಾಗದಲ್ಲಿ. ಅದೇ ದರ್ಜೆಯಲ್ಲಿ ನಿಮ್ಮ ಎದುರಾಳಿ 3 ಲೀಟರ್ ಎಂಜಿನ್ ತರಬಹುದು. ಸುಮಾರು 770 ಸಿಸಿಯ ಅನುಕೂಲವನ್ನು ನೀವು ಮೊದಲೇ ಬಿಟ್ಟುಕೊಟ್ಟು ಓಟ ಆರಂಭಿಸುತ್ತೀರಿ. ಅಮೆರಿಕದಲ್ಲಿ 1980ರ ದಶಕದ ಮೊದಲರ್ಧದಲ್ಲಿ ಮಾರಾಟವಾದ ಪುಟ್ಟ ಡೀಸೆಲ್ ಪಿಕಪ್‌ಗಳಲ್ಲಿ ಹೆಚ್ಚಿನವು, ಟೊಯೋಟ, ನಿಸ್ಸಾನ್, ಮಾಜ್ದಾ, ಮಿತ್ಸುಬಿಷಿ, ಫೋರ್ಡ್ ರೇಂಜರ್ ಹೀಗೆ ಯಾವುದನ್ನು ತೆಗೆದುಕೊಂಡರೂ, 2.2ರಿಂದ 2.5 ಲೀಟರಿನ ನಡುವಿನವು. ಆದ್ದರಿಂದ ಈ ತೊಡಕು ನಿಮ್ಮೊಬ್ಬರದಲ್ಲ.

ಅಂಬಾಸಡರ್ ಎಂಜಿನ್ನಿನ ಬಗ್ಗೆ ನೀವು ಕೇಳಿದ್ದು ಇಲ್ಲಿ ಮಹತ್ವ ಪಡೆಯುತ್ತದೆ. ಹಿಂದುಸ್ತಾನ್ ಮೋಟಾರ್ಸ್ ಬಳಸಿದ ಆ 2 ಲೀಟರಿನ ಇಸುಝು ಡೀಸೆಲ್‌ನ ಬೋರ್ 84 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಗಾತ್ರ 1995 ಸಿಸಿ. ಲೆಕ್ಕ ಹಾಕಿದರೆ 121.7 ಘನ ಅಂಗುಲ. ಅಂದರೆ ಅದು ಜಿ ದರ್ಜೆಯ ನೆತ್ತಿಗೆ ತಾಗಿಕೊಂಡಂತೆ ಕೂರುತ್ತದೆ. ಎಫ್ ದರ್ಜೆಯಲ್ಲಿ ಚಿಕ್ಕವರಾಗಿ ಓಡುವ ಬದಲು ಜಿ ದರ್ಜೆಯಲ್ಲಿ ದೊಡ್ಡವರಾಗಿ ಓಡುವ ದಾರಿ ಅದು. ವೇಗದ ಓಟಕ್ಕೆ ದೊಡ್ಡ ಎಂಜಿನ್ನೇ ಮೇಲು ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ದರ್ಜೆಯ ಮೇಲಿನ ಗೆರೆಗೆ ಹತ್ತಿರವಿರುವ ಎಂಜಿನ್ ಮೇಲು.

ಆದರೆ ಎಚ್ಚರ. ಹಳೆಯ ಎಂಜಿನ್ ಎಂದಮೇಲೆ ಸಿಲಿಂಡರ್ ಸವೆದಿರುತ್ತದೆ, ಗ್ಯಾರೇಜಿನವರು ಸಹಜವಾಗಿಯೇ ಬೋರ್ ಮಾಡಿಸಿ ಅರ್ಧ ಮಿಲಿಮೀಟರ್ ಹೆಚ್ಚಿನ ಪಿಸ್ಟನ್ ಹಾಕೋಣ ಎನ್ನುತ್ತಾರೆ. 84.5 ಮಿ.ಮೀ. ಬೋರ್ ಆದ ಕೂಡಲೇ ಅದೇ ಎಂಜಿನ್ 2019 ಸಿಸಿ ಆಗುತ್ತದೆ, ಘನ ಅಂಗುಲದಲ್ಲಿ 123.2. ನೀವು ಜಿ ದರ್ಜೆಯಿಂದ ಹೊರಬಿದ್ದು, ಎಫ್ ದರ್ಜೆಯ ಅತಿ ಚಿಕ್ಕ ಎಂಜಿನ್ನಿನ ಒಡೆಯರಾಗಿರುತ್ತೀರಿ. ದಾಖಲೆಯಾದ ಮೇಲೆ ಎಂಜಿನ್ನಿನ ಗಾತ್ರವನ್ನು ಅಧಿಕಾರಿಗಳು ಅಳೆದು ದೃಢಪಡಿಸುತ್ತಾರೆ, ಆದ್ದರಿಂದ ಕಾಗದದ ಮೇಲೆ 1995 ಎಂದು ಬರೆದುಕೊಟ್ಟು ಪಾರಾಗುವ ಮಾತೇ ಇಲ್ಲ. ಆ ಎಂಜಿನ್ನನ್ನೇ ಬಳಸುವುದಾದರೆ ಹೊಸ ಲೈನರ್, ಎಂದರೆ ಸಿಲಿಂಡರಿನ ಒಳತೋಳು, ಹಾಕಿಸಿ ಮೂಲ ಬೋರನ್ನೇ ಉಳಿಸಿಕೊಳ್ಳಿ. ಇನ್ನೊಂದು ಮಾತು: ಭಾರತದಿಂದ ಎಂಜಿನ್ ತರಿಸುವುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಆಮದು ನಿಯಮಗಳಿಗೆ ಒಳಪಡುತ್ತದೆ, ಹಡಗಿಗೆ ಹಾಕುವ ಮೊದಲೇ ಅದರ ಕಾಗದಪತ್ರವನ್ನು ಕಸ್ಟಮ್ಸ್ ದಲ್ಲಾಳಿಯೊಬ್ಬರಿಂದ ಪರಿಶೀಲನೆ ಮಾಡಿಸಿ. ಅಮೆರಿಕದಲ್ಲೇ ಸಿಗುವುದು ಬೇಕೆಂದರೆ 1980ರ ದಶಕದ ಷೆವೆಟ್ ಡೀಸೆಲ್ ಕಾರಿನಲ್ಲಿದ್ದ ಇಸುಝುವಿನ 1817 ಸಿಸಿ ಎಂಜಿನ್ ಇದೆ. ಅದು 110.9 ಘನ ಅಂಗುಲದ್ದು, ಜಿ ದರ್ಜೆಯ ನಡುವಿಗಿಂತ ಸ್ವಲ್ಪ ಮೇಲೆ ಬರುತ್ತದೆ, ಬೋರ್ ಹೆಚ್ಚಿಸಿದರೂ ಗೆರೆ ದಾಟುವ ಭಯವಿಲ್ಲ.

ಎಂಜಿನ್ ಬದಲಿಸಿದ ಕೂಡಲೇ ವಿಭಾಗದ ಪ್ರಶ್ನೆ ಏಳುತ್ತದೆ. ಪ್ರೊಡಕ್ಷನ್ ವಿಭಾಗದ ಆಶಯವೇ ಕಾರ್ಖಾನೆಯಿಂದ ಬಂದಂತಿರುವ ವಾಹನ. ಆ ಮಾದರಿಗೆ ಸಿಗದಿದ್ದ ಎಂಜಿನ್ ಅಲ್ಲಿಗೆ ಸಲ್ಲುವುದಿಲ್ಲ. ಲವ್ ಪಿಕಪ್ಪಿನಲ್ಲಿ ಅಂಬಾಸಡರ್ ಎಂಜಿನ್ ಇದ್ದರೆ, ತಯಾರಕ ಒಬ್ಬನೇ ಆಗಿದ್ದರೂ, ನೀವು ಮಾಡಿಫೈಡ್ ವಿಭಾಗದವರೆಂದೇ ಲೆಕ್ಕ ಹಾಕಿಕೊಳ್ಳಿ. ಮುಂಭಾಗದ ಗಾಳಿತಡೆ, ತೊಟ್ಟಿಯ ಮೇಲಿನ ಮುಚ್ಚಳ, ವಾಹನವನ್ನು ತಗ್ಗಿಸುವುದು, ಗಾಜು ಕನ್ನಡಿ ತೆಗೆಯುವುದು, ಇವೆಲ್ಲಕ್ಕೂ ಎರಡು ವಿಭಾಗಗಳಲ್ಲಿ ಬೇರೆಬೇರೆ ಸಾಲುಗಳಿವೆ. ಎಂಜಿನ್ ಕಾರಣದಿಂದ ಹೇಗೂ ಮಾಡಿಫೈಡ್‌ಗೆ ಹೋಗುವುದಾದರೆ ಆ ವಿಭಾಗ ಕೊಡುವ ದೇಹದ ಸ್ವಾತಂತ್ರ್ಯವನ್ನೂ ಪೂರ್ತಿ ಬಳಸಿಕೊಳ್ಳಬೇಕು. ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟ ವಾಹನ ಯಾವ ದಾಖಲೆಯನ್ನೂ ಮುಟ್ಟುವುದಿಲ್ಲ.

ಈಗ ಟರ್ಬೊ. ಟರ್ಬೊ ಹಾಕಿದರೆ ಅನರ್ಹತೆ ಎಂಬುದು ತಪ್ಪು, ಬದಲಾಗುವುದು ವರ್ಗ. ಎಸ್‌ಸಿಟಿಎ ಟರ್ಬೊವನ್ನೂ ಸೂಪರ್‌ಚಾರ್ಜರನ್ನೂ ಒಂದೇ ಎಂದು ನೋಡುತ್ತದೆ, ಮತ್ತು ಗಾಳಿ ತುಂಬಿದ ಎಂಜಿನ್ನಿಗೂ ಸಹಜವಾಗಿ ಉಸಿರಾಡುವ ಎಂಜಿನ್ನಿಗೂ ದಾಖಲೆ ಬೇರೆಯಾಗಿರುವ ಕಡೆ ನಿಮ್ಮನ್ನು ಗಾಳಿ ತುಂಬಿದ ಎಂಜಿನ್ನುಗಳ ಪಟ್ಟಿಗೆ ಸೇರಿಸುತ್ತದೆ. ಕೆಲವು ಸರ್ಕ್ಯೂಟ್ ಮತ್ತು ರ‍್ಯಾಲಿ ಸ್ಪರ್ಧೆಗಳಲ್ಲಿರುವಂತೆ ಟರ್ಬೊ ಇದ್ದರೆ ಎಂಜಿನ್ ಗಾತ್ರವನ್ನು ಗುಣಿಸಿ ಮೇಲಿನ ದರ್ಜೆಗೆ ತಳ್ಳುವ ಪದ್ಧತಿ ಇಲ್ಲಿಲ್ಲ. 1995 ಸಿಸಿ ಟರ್ಬೊ ಇದ್ದರೂ 1995 ಸಿಸಿಯೇ. ಡೀಸೆಲ್ಲಿನವರಿಗೆ ಇದಕ್ಕಿಂತ ಒಳ್ಳೆಯ ನಿಯಮ ಬೇಕಿಲ್ಲ.

ಟರ್ಬೊ ಏಕೆ ಬೇಕೇ ಬೇಕು ಎಂಬುದಕ್ಕೆ ಭೌತಶಾಸ್ತ್ರದ ಕಾರಣವಿದೆ. ಗಾಳಿಯ ಪ್ರತಿರೋಧ ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ನಿಮ್ಮ ಮೂಲ ಎಂಜಿನ್ನಿನ 58 ಅಶ್ವಶಕ್ತಿ ವಾಹನವನ್ನು ಗಂಟೆಗೆ 120 ಕಿ.ಮೀ.ಗೆ ಒಯ್ಯುತ್ತದೆ ಎಂದಿಟ್ಟುಕೊಂಡರೆ, ದೇಹ ಬದಲಾಗದೆ 180 ಕಿ.ಮೀ. ಮುಟ್ಟಲು ಸುಮಾರು 195 ಅಶ್ವಶಕ್ತಿ ಬೇಕು, 240ಕ್ಕೆ ಸುಮಾರು 460. ಬಾನ್ನೆವಿಲ್ ಸಮುದ್ರಮಟ್ಟದಿಂದ ಸುಮಾರು 4200 ಅಡಿ ಎತ್ತರದಲ್ಲಿದೆ, ಅಲ್ಲಿನ ಗಾಳಿ ತೆಳು, ಆಗಸ್ಟ್ ಬಿಸಿಲಿನಲ್ಲಿ ಇನ್ನೂ ತೆಳು. ತೆಳುಗಾಳಿ ಪ್ರತಿರೋಧವನ್ನು ಕಡಿಮೆ ಮಾಡುವಷ್ಟೇ ಟರ್ಬೊ ಇಲ್ಲದ ಎಂಜಿನ್ನಿನ ಉಸಿರನ್ನೂ ಕಡಿಮೆ ಮಾಡುತ್ತದೆ. ಟರ್ಬೊ ಇದ್ದ ಎಂಜಿನ್ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಇಸುಝು ತಾನೇ ನಿಮ್ಮ ಸಿ223 ಎಂಜಿನ್ನಿಗೆ ಟರ್ಬೊ ಹಾಕಿ 1980ರ ದಶಕದಲ್ಲಿ ಟ್ರೂಪರ್ ವಾಹನದಲ್ಲಿ ಮಾರಿತ್ತು, ಆದ್ದರಿಂದ ಭಾಗಗಳೂ ಅನುಭವವೂ ಹೊಸದೇನಲ್ಲ.

ಜೊತೆಗೆ ಗೇರಿನ ಲೆಕ್ಕ ಮಾಡಿ. ಡೀಸೆಲ್ ಎಂಜಿನ್ ಹೆಚ್ಚು ಸುತ್ತು ತಿರುಗುವುದಿಲ್ಲ. ಚಕ್ರದ ಸುತ್ತಳತೆ 2 ಮೀಟರ್, ಎಂಜಿನ್ ನಿಮಿಷಕ್ಕೆ 4500 ಸುತ್ತು, ಹಿಂದಿನ ಆಕ್ಸಲ್ ಅನುಪಾತ 4 (ನೇರ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ನಿನ ನಾಲ್ಕು ಸುತ್ತು) ಎಂದಾದರೆ ನೇರ ಗೇರಿನಲ್ಲಿ ಗಂಟೆಗೆ 135 ಕಿ.ಮೀ. ಮೇಲೆ ಹೋಗಲು ಎಂಜಿನ್ನಿಗೆ ದಾರಿಯೇ ಇಲ್ಲ, ಶಕ್ತಿ ಎಷ್ಟೇ ಇರಲಿ. ಆಕ್ಸಲ್ ಅನುಪಾತವನ್ನು 3ಕ್ಕೆ ಇಳಿಸಿ 0.8ರ ಓವರ್‌ಡ್ರೈವ್, ಎಂದರೆ ಎಂಜಿನ್ನಿಗಿಂತ ವೇಗವಾಗಿ ಶಾಫ್ಟನ್ನು ತಿರುಗಿಸುವ ಗೇರು, ಸೇರಿಸಿದರೆ ಅದೇ ಸುತ್ತಿಗೆ 225 ಕಿ.ಮೀ. ಸಿಗುತ್ತದೆ. ಪುಟ್ಟ ಪಿಕಪ್‌ಗಳು ಭಾರ ಎಳೆಯಲು ಕಟ್ಟಿದವು, ಅವುಗಳ ಆಕ್ಸಲ್ ಅನುಪಾತ ಎತ್ತರದ್ದು. ಟರ್ಬೊಗೆ ಹಣ ಹಾಕಿ ಆಕ್ಸಲ್ ಮರೆತವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಇನ್ನು ಓಡಿಸಿದರೆ ಸಾಕು ದಾಖಲೆ ಎಂಬ ಮಾತು. ಯಾರೂ ದಾಖಲೆ ಮಾಡದ ಖಾಲಿ ವರ್ಗಗಳು ಪಟ್ಟಿಯಲ್ಲಿರುವುದು ನಿಜ, ಆದರೆ ಖಾಲಿ ವರ್ಗಕ್ಕೂ ಕನಿಷ್ಠ ವೇಗ ಗೊತ್ತುಮಾಡಿರುವುದುಂಟು, ಅದನ್ನು ದಾಟದೆ ಹೆಸರು ಬರುವುದಿಲ್ಲ. ಬಾನ್ನೆವಿಲ್‌ನಲ್ಲಿ ಮೊದಲ ಓಟದಲ್ಲಿ ದಾಖಲೆಗಿಂತ ಹೆಚ್ಚು ವೇಗ ತೋರಿಸಿದರೆ ನಿಮ್ಮ ವಾಹನ ಇಂಪೌಂಡ್ ಎಂಬ ಕಾವಲಿನ ಜಾಗಕ್ಕೆ ಹೋಗುತ್ತದೆ, ಅಲ್ಲಿ ಕೆಲಸ ಮಾಡಲು ಸೀಮಿತ ಸಮಯ, ಮರುದಿನ ಬೆಳಿಗ್ಗೆ ಎರಡನೆಯ ಓಟ, ಎರಡರ ಸರಾಸರಿಯೇ ದಾಖಲೆ. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಕ್ರಮ ಬೇರೆ: ವಿರುದ್ಧ ದಿಕ್ಕುಗಳಲ್ಲಿ ಎರಡು ಓಟ, ಎರಡೂ ಒಂದು ಗಂಟೆಯೊಳಗೆ. 2006ರ ಆಗಸ್ಟ್‌ನಲ್ಲಿ ಆಂಡಿ ಗ್ರೀನ್ ಜೆಸಿಬಿ ಡೀಸೆಲ್‌ಮ್ಯಾಕ್ಸ್ ವಾಹನದಲ್ಲಿ ಗಂಟೆಗೆ 350.092 ಮೈಲಿಯ ಡೀಸೆಲ್ ದಾಖಲೆ ಮಾಡಿದ್ದು ಆ ಕ್ರಮದಲ್ಲಿ. ನಿಮಗೆ ಹತ್ತಿರದ ಎಲ್ ಮಿರಾಜ್ ಒಣಕೆರೆಯಲ್ಲಿ ಒಂದೇ ಓಟಕ್ಕೆ ದಾಖಲೆ ಸಿಗುತ್ತದೆ, ಆದರೆ ಓಟದ ಉದ್ದ 1.3 ಮೈಲಿ ಮಾತ್ರ. ನಿಧಾನವಾಗಿ ವೇಗ ಏರಿಸಿಕೊಳ್ಳುವ ಪುಟ್ಟ ಡೀಸೆಲ್ಲಿಗೆ ಅದು ಕಷ್ಟದ ದೂರ.

ನಿಮ್ಮ ಮುಂದಿರುವ ದಾರಿಗಳಲ್ಲಿ ಅತಿ ಕಡಿಮೆ ಖರ್ಚಿನದು ಮೂಲ ಎಂಜಿನ್ ಹಾಗೆಯೇ ಇಟ್ಟು, ಸುರಕ್ಷತಾ ಸಾಧನ ಮಾತ್ರ ಹಾಕಿ, ಪ್ರೊಡಕ್ಷನ್ ಪುಟ್ಟ ಪಿಕಪ್ ಆಗಿ ಓಡುವುದು. ದಾಖಲೆಯ ಆಸೆ ಇಡಬೇಡಿ, ಆದರೆ ಲೈಸೆನ್ಸಿನ ಮೆಟ್ಟಿಲು ಹತ್ತಲು ಅದೇ ಸರಿ. ಹೊಸ ಚಾಲಕರು 125, 150, 175, 200 ಮೈಲಿ ಎಂಬ ಹಂತಗಳನ್ನು ಒಂದೊಂದಾಗಿ ದಾಟಬೇಕು, ಯಾರೂ ಮೊದಲ ದಿನವೇ 200ಕ್ಕೆ ಹೋಗುವಂತಿಲ್ಲ. ಬ್ಯಾಂಕ್ಸ್ ಮಾಡಿದಂತೆ ದೊಡ್ಡ ಎಂಜಿನ್ ತುರುಕುವ ದಾರಿಯನ್ನು ನಾನು ನಿಮಗೆ ಹೇಳುವುದಿಲ್ಲ: ಲವ್‌ನ ಮುಂಭಾಗ ಅಷ್ಟು ಭಾರಕ್ಕೆ ಕಟ್ಟಿದ್ದಲ್ಲ, ಮತ್ತು ನೀವು ಹೋಗಿ ಸೇರುವ ದರ್ಜೆಯಲ್ಲಿ ವೃತ್ತಿಪರ ತಂಡಗಳ ದಾಖಲೆಗಳು ಕಾದಿರುತ್ತವೆ. ನನ್ನ ಒಲವು ಜಿ ದರ್ಜೆಯ ಟರ್ಬೊ ಡೀಸೆಲ್ ಕಡೆಗೆ. ಅದರಲ್ಲಿ ಗಂಡಾಂತರವಿಲ್ಲವೆಂದಲ್ಲ. ಹಳೆಯ ಬ್ಲಾಕ್ ಹೆಚ್ಚಿನ ಒತ್ತಡಕ್ಕೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಪಿಸ್ಟನ್ ಕರಗುತ್ತದೆ. ಎಲ್ಲಕ್ಕಿಂತ ಅಪಾಯದ್ದು ಟರ್ಬೊವಿನ ಸೀಲ್ ಒಡೆದು ಎಂಜಿನ್ ತನ್ನದೇ ಎಣ್ಣೆಯನ್ನು ಹೀರಿ ಓಡತೊಡಗುವುದು. ಆಗ ಡೀಸೆಲ್ ಪೂರೈಕೆ ನಿಲ್ಲಿಸಿದರೂ ಎಂಜಿನ್ ನಿಲ್ಲುವುದಿಲ್ಲ. ಗಾಳಿಯ ಹಾದಿಯನ್ನೇ ಮುಚ್ಚುವ ತಟ್ಟೆಯನ್ನು ಇನ್‌ಟೇಕ್‌ಗೆ ಅಳವಡಿಸಿ, ಅದರ ಹಿಡಿಕೆ ಬೆಲ್ಟ್ ಬಿಗಿದು ಕೂತ ಚಾಲಕಿಯ ಕೈಗೆ ಎಟುಕುವಂತಿರಲಿ. ಪುಸ್ತಕ ಕೇಳಲಿ ಬಿಡಲಿ, ನಿಮ್ಮ ಮಗಳು ಕೂರುವ ವಾಹನಕ್ಕೆ ಇದನ್ನು ನಾನು ಕಡ್ಡಾಯವೆಂದೇ ಹೇಳುತ್ತೇನೆ. ಶಕ್ತಿ ಸಾಲದೆಂದು ಪ್ರೊಪೇನ್ ಅನಿಲವನ್ನೋ ಮೆಥನಾಲ್ ಬೆರೆಸಿದ ನೀರನ್ನೋ ಚಿಮ್ಮಿಸುವ ಆಲೋಚನೆ ಬಂದರೆ, ಅವೂ ಇಂಧನವೇ ಎಂಬುದು ನೆನಪಿರಲಿ. ಸಮಿತಿಯನ್ನು ಕೇಳದೆ ಅಳವಡಿಸಿದರೆ ಇಷ್ಟೆಲ್ಲ ಲೆಕ್ಕ ಹಾಕಿ ಆರಿಸಿಕೊಂಡ ವರ್ಗವೇ ಕೈತಪ್ಪಬಹುದು.

ದಾಖಲೆಯ ಗೊಡವೆ ಬೇಡ, ಉಪ್ಪಿನ ಮೇಲೆ ಒಮ್ಮೆ ಓಡಿದರೆ ಸಾಕು ಎನ್ನಿಸಿದರೆ ಯೂಟಾ ಸಾಲ್ಟ್ ಫ್ಲ್ಯಾಟ್ಸ್ ರೇಸಿಂಗ್ ಅಸೋಸಿಯೇಷನ್ ಸೆಪ್ಟೆಂಬರ್‌ನಲ್ಲಿ ನಡೆಸುವ ವರ್ಲ್ಡ್ ಆಫ್ ಸ್ಪೀಡ್‌ನಲ್ಲಿ ರಸ್ತೆ ವಾಹನಗಳಿಗೆಂದೇ 130 ಮೈಲಿಯ ಕ್ಲಬ್ ಇದೆ. ಯಾವ ಕೂಟವಾದರೂ ಪ್ರಯಾಣದ ಹಣವನ್ನು ಮರಳಿ ಪಡೆಯುವಂತೆ ಕಾದಿರಿಸಿ. 2014, 2015 ಮತ್ತು 2022ರಲ್ಲಿ ಉಪ್ಪುನೆಲದ ಸ್ಥಿತಿ ಕೆಟ್ಟು ಸ್ಪೀಡ್ ವೀಕ್ ರದ್ದಾಗಿತ್ತು.

ತಾಂತ್ರಿಕ ಸಮಿತಿಗೆ ಒಂದು ಪುಟದ ಪತ್ರವನ್ನು ಚಳಿಗಾಲದಲ್ಲೇ ಕಳುಹಿಸಿ. ಅದರಲ್ಲಿ ವಾಹನದ ವರ್ಷ ಮತ್ತು ಮಾದರಿ, ಬಾಗಿಲಿನ ಕಂಬದ ಮೇಲಿರುವ ಒಟ್ಟು ತೂಕದ ಫಲಕದ ಚಿತ್ರ, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ದೂರ), ಎಂಜಿನ್ನಿನ ಬೋರ್ ಮತ್ತು ಸ್ಟ್ರೋಕ್, ಟರ್ಬೊ ಇದೆಯೇ ಇಲ್ಲವೇ, ದೇಹಕ್ಕೆ ಮಾಡಲಿರುವ ಬದಲಾವಣೆಗಳು ಇಷ್ಟಿರಲಿ. ಕೊನೆಯಲ್ಲಿ ಪ್ರಶ್ನೆ ಎರಡೇ ಇರಲಿ: ಈ ವಾಹನ ಮಾಡಿಫೈಡ್ ಪುಟ್ಟ ಪಿಕಪ್ ವರ್ಗಕ್ಕೆ ಸೇರುತ್ತದೆಯೇ, ಡೀಸೆಲ್ ಟ್ರಕ್ ವರ್ಗಕ್ಕೂ ಸೇರಬಲ್ಲದೇ? ಬಂದ ಉತ್ತರವನ್ನು ಮುದ್ರಿಸಿ ವಾಹನದ ಲಾಗ್‌ಬುಕ್ಕಿನೊಳಗೆ ಇಟ್ಟುಕೊಂಡು ತಪಾಸಣೆಯ ಸಾಲಿಗೆ ಹೋಗಿ.